ಮಾಸು ಒಂದೋ, ಎರಡೋ: ಅವಳಿ ಗರ್ಭದ ಸ್ಕ್ಯಾನಿಂಗ್ ಸೇವೆಯ ವಿಮರ್ಶೆ

ನನ್ನ ಮಗಳ ಅವಳಿ ಗರ್ಭಕ್ಕಾಗಿ ನಾವು ಎರಡು ಸ್ಕ್ಯಾನಿಂಗ್ ಕೇಂದ್ರಗಳ ಮೆಟ್ಟಿಲು ಹತ್ತಿದೆವು. ಮೊದಲನೆಯದು ತುಮಕೂರಿನಲ್ಲಿ, ಅವಳ ಮನೆಯಿಂದ ಆಟೊದಲ್ಲಿ ಹತ್ತು ನಿಮಿಷದ ದಾರಿ. ಎರಡನೆಯದು ಬೆಂಗಳೂರಿನಲ್ಲಿರುವ, ಗರ್ಭಸ್ಥ ಶಿಶುಗಳ ತಪಾಸಣೆಗೇ ಮೀಸಲಾದ ಫೀಟಲ್ ಮೆಡಿಸಿನ್ ಕ್ಲಿನಿಕ್. ಎರಡರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಮೊದಲನೆಯದರಲ್ಲಿ ಕಂಡ ಕೊರತೆ ಆ ಒಂದು ಕೇಂದ್ರಕ್ಕೆ ಮಾತ್ರ ಸೇರಿದ್ದು ಎಂದು ನನಗೆ ಅನ್ನಿಸುವುದಿಲ್ಲ. ಎರಡನೆಯದನ್ನು ಹೆಸರಿಸಿ ಹೊಗಳಿದರೆ ಈ ಬರಹ ಜಾಹೀರಾತಿನ ಹಾಗೆ ಓದಿಸಿಕೊಳ್ಳುತ್ತದೆ. ಹೊಟ್ಟೆಯಲ್ಲಿ ಎರಡು ಕೂಸು ಎಂದು ಗೊತ್ತಾದ ಮೇಲೆ ಹಣ ಪಡೆದು ಮಾಡುವ ಸ್ಕ್ಯಾನಿಂಗ್ ಹೇಗಿರಬೇಕಾಗಿತ್ತು, ನಮಗೆ ಸಿಕ್ಕದ್ದು ಹೇಗಿತ್ತು ಎಂಬಷ್ಟನ್ನೇ ಇಲ್ಲಿ ತೂಗಿ ನೋಡುತ್ತೇನೆ.

ತೂಗುವುದಕ್ಕೆ ನನಗಿರುವ ಅರ್ಹತೆಯನ್ನೂ ಹೇಳಿಬಿಡುತ್ತೇನೆ. ನಾನು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ 31 ವರ್ಷ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ನಾನು ಕೆಲಸಕ್ಕೆ ಸೇರಿದ ದಿನಗಳಲ್ಲಿ ನಮ್ಮಲ್ಲಿ ಅವಳಿ ಎಂಬುದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡುವಾಗ ಎರಡು ತಲೆ ಸಿಕ್ಕಿದರೆ ತಿಳಿಯುತ್ತಿತ್ತು. ಕೆಲವೊಮ್ಮೆ ಒಂದು ಮಗು ಹುಟ್ಟಿದ ಮೇಲೂ ಹೊಟ್ಟೆ ಇಳಿಯದಿದ್ದಾಗ ತಿಳಿಯುತ್ತಿತ್ತು. ಹಾಗೆ ಹುಟ್ಟಿದ ಜೋಡಿಗಳಲ್ಲಿ ಒಂದು ಕೂಸು ದಾಸವಾಳದಂತೆ ಕೆಂಪಗೆ ಊದಿಕೊಂಡಿದ್ದು, ಇನ್ನೊಂದು ಬಿಳಿಚಿಕೊಂಡು ಸಣಕಲಾಗಿದ್ದುದನ್ನು ಎರಡು ಮೂರು ಬಾರಿಯಾದರೂ ಕಂಡಿದ್ದೇನೆ. ಒಂದು ಇನ್ನೊಂದರ ಪಾಲನ್ನೂ ತಿಂದುಬಿಟ್ಟಿದೆ ಎಂದು ಮನೆಯ ಹಿರಿಯರು ಹೇಳುತ್ತಿದ್ದರು. ಆ ಮಾತು ವೈದ್ಯಶಾಸ್ತ್ರಕ್ಕೆ ಎಷ್ಟು ಹತ್ತಿರವಾಗಿತ್ತು ಎಂಬುದು ನನಗೆ ಅರ್ಥವಾಗುವಷ್ಟರಲ್ಲಿ ಬಹಳ ವರ್ಷಗಳೇ ಕಳೆದಿದ್ದವು.

ತುಮಕೂರಿನ ಕೇಂದ್ರದಲ್ಲಿ ಏಳನೆಯ ವಾರಕ್ಕೆ ಮಾಡಿದ ಸ್ಕ್ಯಾನ್‌ನಲ್ಲಿ ಎರಡು ಹೃದಯ ಬಡಿಯುತ್ತಿರುವುದು ಕಂಡಿತು. ಜೋಡಿ ಬಾಳೆಹಣ್ಣು ತಿನ್ನಬೇಡ ಎಂದರೂ ಕೇಳಲಿಲ್ಲ ಎಂದು ಬೀಗಿತ್ತಿ ನಕ್ಕರು. ಹನ್ನೆರಡು ವಾರ ತುಂಬಿ ಎರಡು ದಿನವಾದಾಗ, ನಮ್ಮ ಜನ ಮೂರು ತಿಂಗಳ ಸ್ಕ್ಯಾನ್ ಎಂದು ಕರೆಯುವ ಎನ್‌ಟಿ ಸ್ಕ್ಯಾನ್ ಅಲ್ಲೇ ಆಯಿತು. ಕೇಂದ್ರ ಸ್ವಚ್ಛವಾಗಿತ್ತು, ಟೋಕನ್ ವ್ಯವಸ್ಥೆ ಸರಿಯಾಗಿತ್ತು, ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕವಿತ್ತು, 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ತುಂಬಬೇಕಾದ ಎಫ್ ನಮೂನೆಯನ್ನು ತುಂಬಿಸಿಕೊಂಡರು. ಹನ್ನೆರಡು ನಿಮಿಷದಲ್ಲಿ ಸ್ಕ್ಯಾನ್ ಮುಗಿಯಿತು. ರಿಪೋರ್ಟಿನಲ್ಲಿ ಎರಡು ಜೀವಂತ ಭ್ರೂಣಗಳಿವೆ, ಇಬ್ಬರ ಉದ್ದ ಇಷ್ಟು, ಹೃದಯ ಬಡಿತ ಇಷ್ಟು, ಪ್ಲಸೆಂಟಾ ಮುಂಭಾಗದ ಗೋಡೆಯಲ್ಲಿದೆ ಎಂದು ಬರೆದಿತ್ತು. ಪ್ಲಸೆಂಟಾ ಒಂದೋ ಎರಡೋ ಎಂಬ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಪ್ಲಸೆಂಟಾಗೆ ನಮ್ಮಲ್ಲಿ ಮಾಸು ಎನ್ನುತ್ತಾರೆ. ವಾರ್ಡಿನಲ್ಲಿ ಕಸ ಬಿತ್ತೇ ಎಂದು ಕೇಳುವುದೂ ಇದನ್ನೇ. ಅವಳಿ ಗರ್ಭದ ಮೂರು ತಿಂಗಳ ಸ್ಕ್ಯಾನ್‌ಗೆ ಹತ್ತು ಕೆಲಸಗಳಿದ್ದರೂ, ಮತ್ತೆ ಮಾಡಲಾಗದ ಕೆಲಸ ಒಂದೇ: ಮಾಸು ಎಷ್ಟು ಎಂದು ತೀರ್ಮಾನಿಸುವುದು. ಹನ್ನೊಂದನೆಯ ವಾರದಿಂದ ಹದಿಮೂರು ವಾರ ಆರು ದಿನಗಳವರೆಗೆ ಅದು ಬಹುತೇಕ ತಪ್ಪಿಲ್ಲದಂತೆ ಕಾಣುತ್ತದೆ. ಎರಡು ಮಾಸು ಇದ್ದರೆ, ಎರಡೂ ಕೂಸುಗಳ ನಡುವಿನ ಪೊರೆ ಮಾಸಿಗೆ ಅಂಟುವ ಬುಡದಲ್ಲಿ ಮಾಸಿನ ಮಾಂಸಲ ಭಾಗ ತ್ರಿಕೋನದ ಬೆಣೆಯಂತೆ ನುಗ್ಗಿರುತ್ತದೆ. ಇದಕ್ಕೆ ಲ್ಯಾಂಬ್ಡಾ ಚಿಹ್ನೆ ಎನ್ನುತ್ತಾರೆ. ಒಂದೇ ಮಾಸು ಇದ್ದರೆ ತೆಳ್ಳಗಿನ ಪೊರೆಯೊಂದು ನೇರವಾಗಿ ಬಂದು ಇಂಗ್ಲಿಷಿನ ಟಿ ಅಕ್ಷರದಂತೆ ಕೂಡಿಕೊಂಡಿರುತ್ತದೆ. ವಾರಗಳು ಕಳೆದಂತೆ ಕೆಲವರಲ್ಲಿ ಆ ಬೆಣೆ ಕರಗಿ ಕಾಣದಾಗುತ್ತದೆ, ಎರಡು ಮಾಸುಗಳು ಪಕ್ಕಪಕ್ಕದಲ್ಲಿ ಬೆಳೆದು ಒಂದೇ ಮುದ್ದೆಯಂತೆಯೂ ತೋರುತ್ತವೆ. ಐದು ತಿಂಗಳಿಗೆ ನೋಡಿದರೆ ಖಚಿತವಾಗಿ ಹೇಳುವವರು ಕಡಿಮೆ.

ಮಾಸು ಒಂದಾದರೆ ಏನಾಗುತ್ತದೆ ಎಂಬುದಕ್ಕೆ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ತದ್ರೂಪಿ ಅವಳಿಗಳೆಲ್ಲ ಒಂದೇ ಮಾಸು ಹಂಚಿಕೊಳ್ಳುತ್ತವೆ ಎಂದು ವಿದ್ಯಾವಂತರೂ ನಂಬಿದ್ದಾರೆ. ಒಂದು ಭ್ರೂಣ ಎರಡಾಗಿ ಸೀಳುವುದು ಮೊದಲ ಮೂರು ದಿನಗಳೊಳಗೆ ನಡೆದರೆ ಇಬ್ಬರಿಗೂ ಬೇರೆ ಬೇರೆ ಮಾಸು ಬೆಳೆಯುತ್ತದೆ. ನಾಲ್ಕರಿಂದ ಎಂಟನೆಯ ದಿನದೊಳಗಾದರೆ ಮಾಸು ಒಂದು, ನೀರಿನ ಚೀಲ ಎರಡು. ಇನ್ನೂ ತಡವಾದರೆ ಚೀಲವೂ ಒಂದೇ ಆಗಿ ಹೊಕ್ಕುಳಬಳ್ಳಿಗಳು ತೊಡರಿಕೊಳ್ಳುವ ಅಪಾಯವಿರುತ್ತದೆ. ತದ್ರೂಪಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ ಎರಡು ಮಾಸು, ಉಳಿದವರಿಗೆ ಒಂದೇ. ಆದ್ದರಿಂದ ಮಕ್ಕಳು ಒಂದೇ ರೂಪಿನವರೇ ಎಂಬುದು ಅಜ್ಜಿಯ ಕುತೂಹಲ. ಮಾಸು ಎಷ್ಟು ಎಂಬುದು ವೈದ್ಯರ ಪ್ರಶ್ನೆ. ಬೇರೆ ದೇಶಗಳಲ್ಲಿ ಒಂದು ಗಂಡು ಒಂದು ಹೆಣ್ಣು ಎಂದು ಸ್ಕ್ಯಾನ್‌ನಲ್ಲಿ ಕಂಡರೆ ಎರಡು ಮಾಸು ಎಂಬ ಸುಳಿವು ತಾಯಿಗೂ ಸಿಕ್ಕಿಬಿಡುತ್ತದೆ. ನಮ್ಮಲ್ಲಿ ಲಿಂಗ ಹೇಳುವಂತಿಲ್ಲ, ಹೇಳಬಾರದ್ದು ಸರಿಯೂ ಹೌದು. ಹಾಗಾಗಿ ಲಿಖಿತ ರಿಪೋರ್ಟಿನಲ್ಲಿ ಮಾಸಿನ ಸಂಖ್ಯೆ ಇರುವುದು ನಮ್ಮ ಹೆಣ್ಣುಮಕ್ಕಳಿಗೆ ಇನ್ನಷ್ಟು ಅಗತ್ಯ.

ನಾನು ಕೌಂಟರಿಗೆ ಹೋಗಿ ಈ ಒಂದು ಸಾಲನ್ನು ಬರೆಸಿಕೊಡಿ ಎಂದು ಕೇಳಿದೆ. ಡಾಕ್ಟರು ಹೊರಟುಹೋಗಿದ್ದರು. ಅಲ್ಲಿದ್ದ ಹುಡುಗಿ ಮರ್ಯಾದೆಯಿಂದಲೇ, "ಅದೆಲ್ಲ ಐದು ತಿಂಗಳ ಸ್ಕ್ಯಾನ್‌ನಲ್ಲಿ ನೋಡ್ತಾರೆ ಆಂಟಿ, ಈಗ ಎಲ್ಲಾ ನಾರ್ಮಲ್ ಇದೆ" ಎಂದಳು. ಮರುದಿನ ಫೋನ್ ಮಾಡಿದಾಗಲೂ ಅದೇ ಉತ್ತರ. ನಮಗೆ ಉಳಿದದ್ದು ಹನ್ನೊಂದು ದಿನ, ಅದರಲ್ಲಿ ಎರಡು ಭಾನುವಾರ. ಅವಸರ ಯಾಕೆ ಎಂದು ಅಳಿಯ ಕೇಳಿದ. ಅವನಿಗೆ ವಿವರಿಸುವುದಕ್ಕಿಂತ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಹುಡುಕುವುದೇ ಸುಲಭವೆನಿಸಿತು. ಮೊದಲ ಕೇಂದ್ರದ ಬಗ್ಗೆ ನಾನು ಹೇಳುವುದು ಇಷ್ಟೇ. ಅಲ್ಲಿನ ಯಂತ್ರ ಹಳೆಯದಲ್ಲ, ವೈದ್ಯರಿಗೆ ಪದವಿ ಇಲ್ಲದಿಲ್ಲ. ಒಂದು ಕೂಸಿನ ನಮೂನೆಯಲ್ಲಿ ಎರಡು ಕೂಸಿನ ಅಂಕಿಗಳನ್ನು ತುಂಬಿ ಕೊಟ್ಟರು, ದುಡ್ಡು ಮಾತ್ರ ಎರಡು ಕೂಸಿನದ್ದು ತೆಗೆದುಕೊಂಡರು.

ಬೆಂಗಳೂರಿನ ಕ್ಲಿನಿಕ್‌ನಲ್ಲಿ ಹದಿಮೂರು ವಾರ ಎರಡು ದಿನಕ್ಕೆ ಸರದಿ ಸಿಕ್ಕಿತು. ಬೆಳಿಗ್ಗೆ ಹತ್ತಕ್ಕೆ ಎಂದು ಹೇಳಿ ಕರೆದದ್ದು ಹನ್ನೆರಡೂಕಾಲಿಗೆ. ಆದರೆ ಒಳಗೆ ಹೋದ ಮೇಲೆ ನಲವತ್ತು ನಿಮಿಷ ಯಾರೂ ಅವಸರಪಡಲಿಲ್ಲ. ಡಾಕ್ಟರು ಮೊದಲು ಹುಡುಕಿದ್ದು ತಲೆಯನ್ನಲ್ಲ, ಹೃದಯವನ್ನಲ್ಲ, ಪೊರೆಯ ಬುಡವನ್ನು. ಗೋಡೆಯ ಮೇಲಿನ ಪರದೆಯಲ್ಲಿ ಅದನ್ನು ನಿಲ್ಲಿಸಿ, "ನೋಡಿ ಅಮ್ಮ, ಇಲ್ಲಿ ಬೆಣೆ ಇಲ್ಲ, ನೂಲಿನ ಹಾಗೆ ಬಂದು ಸೇರಿಕೊಂಡಿದೆ, ಮಾಸು ಒಂದೇ" ಎಂದರು. ಆ ಚಿತ್ರವನ್ನು ಪ್ರಿಂಟ್ ಹಾಕಿ ರಿಪೋರ್ಟಿಗೆ ಲಗತ್ತಿಸಿದರು. ಮುಂದೆ ಯಾರಾದರೂ ಸಂಶಯಪಟ್ಟರೆ ನಾಲ್ಕು ತಿಂಗಳ ನಂತರ ಹೊಸದಾಗಿ ಹುಡುಕುವ ಬದಲು ಈ ಚಿತ್ರವನ್ನೇ ನೋಡಬಹುದು ಎಂಬುದು ಅವರ ಲೆಕ್ಕ. ಮನೆಗೆ ಬಂದು ನಾನು ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ "ಒಂದೇ ಮಾಸು, ಎರಡು ಚೀಲ" ಎಂದು ಬರೆದೆ.

ಅದೇ ದಿನ ಇಬ್ಬರ ಉದ್ದವನ್ನೂ ಕತ್ತಿನ ಹಿಂದಿನ ದ್ರವದ ಪದರವನ್ನೂ ಅಳೆದರು. ಉದ್ದ 71 ಮತ್ತು 68 ಮಿಲಿಮೀಟರ್, ದ್ರವದ ಪದರ 1.9 ಮತ್ತು 1.6 ಮಿಲಿಮೀಟರ್. ಒಂಟಿ ಕೂಸಿನಲ್ಲಿ ಈ ಪದರವನ್ನು ಅಳೆಯುವುದು ಮುಖ್ಯವಾಗಿ ಡೌನ್ ಸಿಂಡ್ರೋಮಿನ ಸಾಧ್ಯತೆಯನ್ನು ಅಂದಾಜು ಮಾಡುವುದಕ್ಕೆ. ಒಂದೇ ಮಾಸಿನ ಅವಳಿಗಳಲ್ಲಿ ಇಬ್ಬರ ನಡುವಿನ ವ್ಯತ್ಯಾಸಕ್ಕೂ ಬೆಲೆಯಿದೆ. ಪದರದ ವ್ಯತ್ಯಾಸ ಶೇಕಡಾ 20ನ್ನು ಮುಟ್ಟಿದರೆ ಮುಂದೆ ತೀವ್ರ ತೊಡಕು ಬರುವ ಅಥವಾ ಬೇಗನೆ ಕೂಸು ಕಳೆದುಕೊಳ್ಳುವ ಸಾಧ್ಯತೆ ನೂರಕ್ಕೆ 30ನ್ನು ಮೀರುತ್ತದೆ, ಅದಕ್ಕಿಂತ ಕಡಿಮೆಯಿದ್ದರೆ 10ಕ್ಕಿಂತ ಕೆಳಗಿರುತ್ತದೆ ಎಂದು ಡಾಕ್ಟರು ವಿವರಿಸಿದರು. ನಮ್ಮದು ಹದಿನಾರು ಆಗಿತ್ತು. ಇಲ್ಲಿ ಅವರು ಹೇಳಿದ ಇನ್ನೊಂದು ಮಾತಿಗಾಗಿ ನಾನು ಈ ಕ್ಲಿನಿಕ್‌ಗೆ ಹೆಚ್ಚು ಅಂಕ ಕೊಡುತ್ತೇನೆ: ಈ ಅಂಕಿ ಚೆನ್ನಾಗಿದೆ ಎಂದು ನಿಶ್ಚಿಂತೆಯಿಂದ ಇರಬೇಡಿ, ಕೆಟ್ಟಿದ್ದರೂ ಹೆದರಬೇಕಾಗಿರಲಿಲ್ಲ, ಯಾವ ಜೋಡಿಗೆ ತೊಂದರೆ ಬರುತ್ತದೆ ಎಂದು ಮೂರು ತಿಂಗಳಲ್ಲಿ ಯಾವ ಯಂತ್ರವೂ ಹೇಳುವುದಿಲ್ಲ, ಯಾರನ್ನು ಎಷ್ಟು ಹತ್ತಿರದಿಂದ ಕಾಯಬೇಕು ಎಂದಷ್ಟೇ ಹೇಳುತ್ತದೆ ಎಂದರು. ತನ್ನ ಸರಕಿನ ಮಿತಿಯನ್ನು ತಾನೇ ಹೇಳುವ ಅಂಗಡಿ ಅಪರೂಪ.

ಮಗಳು ತೊಡಕು ಎಂದರೇನು ಎಂದು ಕೇಳಿದಳು. ಒಂದೇ ಬಾವಿಗೆ ಎರಡು ಮನೆಯವರು ಪಂಪ್ ಇಳಿಸಿದ ಹಾಗೆ ಎಂದು ಡಾಕ್ಟರು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ಆರಂಭಿಸಿದರು. ಈ ಹೋಲಿಕೆ ಪೂರ್ತಿ ಸರಿಯಲ್ಲ ಎಂದು ನನಗೆ ಅನ್ನಿಸಿತು. ಬಾವಿ ಒಂದಾದದ್ದು ಸಣ್ಣ ತೊಂದರೆ. ಎರಡು ಮನೆಯ ಪೈಪುಗಳು ನೆಲದಡಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿರುವುದು ದೊಡ್ಡ ತೊಂದರೆ. ಮಾಸಿನ ಮೇಲೆ ಒಂದು ಕೂಸಿನ ರಕ್ತನಾಳ ಇನ್ನೊಂದರ ರಕ್ತನಾಳದೊಂದಿಗೆ ಸೇರಿಕೊಂಡಿರುತ್ತದೆ, ಮತ್ತು ಕೆಲವು ಸೇರುವೆಗಳಲ್ಲಿ ರಕ್ತ ಒಂದೇ ದಿಕ್ಕಿಗೆ ಹರಿಯುತ್ತದೆ. ಹೋಗುವುದೂ ಬರುವುದೂ ಸಮವಾಗಿದ್ದರೆ ಇಬ್ಬರೂ ಕ್ಷೇಮ. ಸಮತೋಲ ತಪ್ಪಿದರೆ ಕೊಡುವ ಕೂಸಿನ ರಕ್ತ ಕಡಿಮೆಯಾಗಿ, ಮೂತ್ರ ನಿಂತು, ಸುತ್ತಲಿನ ನೀರು ಬತ್ತಿ, ಪೊರೆ ಅದರ ಮೈಗೇ ಅಂಟಿಕೊಳ್ಳುತ್ತದೆ. ಪಡೆಯುವ ಕೂಸು ಮೂತ್ರ ಸುರಿಸಿ ಸುರಿಸಿ ನೀರಿನಲ್ಲಿ ತೇಲುತ್ತದೆ, ಅದರ ಹೃದಯ ಹೊರೆಯಿಂದ ದಣಿಯುತ್ತದೆ. ಇದೇ ಟಿಟಿಟಿಎಸ್, ಅಂದರೆ ಅವಳಿಯಿಂದ ಅವಳಿಗೆ ರಕ್ತ ಹರಿಯುವ ತೊಡಕು. ಒಂದೇ ಮಾಸಿನ ನೂರು ಗರ್ಭಗಳಲ್ಲಿ 10ರಿಂದ 15ರಲ್ಲಿ ಇದು ಬರುತ್ತದೆ, ಹೆಚ್ಚಿನವು 16ರಿಂದ 26 ವಾರಗಳ ನಡುವೆ. ತೀವ್ರವಾದದ್ದನ್ನು ಚಿಕಿತ್ಸೆಯಿಲ್ಲದೆ ಬಿಟ್ಟರೆ ಹತ್ತರಲ್ಲಿ ಒಂಬತ್ತರವರೆಗೂ ಕೂಸುಗಳು ಉಳಿಯುವುದಿಲ್ಲ. ಪಾಲು ತಿಂದ ಕೂಸು ಎಂದು ಹಿರಿಯರು ಹೇಳುತ್ತಿದ್ದ ಕೂಸೂ ಅಪಾಯದಲ್ಲೇ ಇರುತ್ತದೆ ಎಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ.

ಈ ಕಾರಣಕ್ಕೇ ಒಂದೇ ಮಾಸಿನ ಗರ್ಭಕ್ಕೆ ಹದಿನಾರನೆಯ ವಾರದಿಂದ ಹದಿನೈದು ದಿನಕ್ಕೊಮ್ಮೆ ಸ್ಕ್ಯಾನ್ ಆಗಬೇಕು. ಪ್ರಸೂತಿ ಸ್ಕ್ಯಾನಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆಯಾದ ಐಎಸ್‌ಯುಒಜಿ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಇದೇ ಅಂತರವಿದೆ. ಎರಡು ಮಾಸಿನವರಿಗೆ ನಾಲ್ಕು ವಾರಕ್ಕೊಮ್ಮೆ ಸಾಕು. ಮೊದಲ ರಿಪೋರ್ಟನ್ನೇ ನಂಬಿ ನಾವು ಐದು ತಿಂಗಳವರೆಗೆ ಸುಮ್ಮನಿದ್ದಿದ್ದರೆ ಹದಿನಾರು ಮತ್ತು ಹದಿನೆಂಟನೆಯ ವಾರದ ಎರಡು ತಪಾಸಣೆಗಳು ಕೈತಪ್ಪುತ್ತಿದ್ದವು. ಸರ್ಕಾರದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ನೆಯ ತಾರೀಕು ಗರ್ಭಿಣಿಯರನ್ನು ವೈದ್ಯರು ಉಚಿತವಾಗಿ ನೋಡುತ್ತಾರೆ. 2016ರಲ್ಲಿ ಆರಂಭವಾದ ಆ ಕಾರ್ಯಕ್ರಮದಲ್ಲಿ ನಾನೂ ದುಡಿದಿದ್ದೇನೆ, ಅದರಿಂದ ಆದ ಉಪಕಾರ ದೊಡ್ಡದು. ಆದರೆ ತಿಂಗಳಿಗೊಮ್ಮೆ ಬರುವ ತಾರೀಕು ಒಂದೇ ಮಾಸಿನ ತಾಯಿಗೆ ಸಾಲುವುದಿಲ್ಲ. ಈ ತೊಡಕು ಎರಡು ಒಂಬತ್ತನೆಯ ತಾರೀಕುಗಳ ನಡುವೆ ಶುರುವಾಗಿ ಕೈಮೀರಬಲ್ಲದು.

ಹದಿನೈದು ದಿನಕ್ಕೊಮ್ಮೆ ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್. ರೈಲಿನಲ್ಲಿ ಯಶವಂತಪುರಕ್ಕೆ ಬಂದು ಅಲ್ಲಿಂದ ಆಟೊ. ಏಳನೆಯ ತಿಂಗಳ ನಂತರ ಬಾಡಿಗೆ ಕಾರು. ಸೀಮಂತದ ಮುಹೂರ್ತವನ್ನೂ ಸ್ಕ್ಯಾನ್ ತಾರೀಕು ನೋಡಿಕೊಂಡೇ ಇಡಬೇಕಾಯಿತು. ಪ್ರತಿ ಭೇಟಿಯಲ್ಲೂ ಕ್ರಮ ಒಂದೇ: ಮೊದಲು ಇಬ್ಬರ ಸುತ್ತಲಿನ ನೀರಿನ ಅತಿ ಆಳವಾದ ಜಾಗವನ್ನು ಅಳೆಯುವುದು, ನಂತರ ಇಬ್ಬರ ಮೂತ್ರಕೋಶ ತುಂಬಿ ಖಾಲಿಯಾಗುತ್ತಿದೆಯೇ ಎಂದು ನೋಡುವುದು, ಹೊಕ್ಕುಳಬಳ್ಳಿಯಲ್ಲಿ ರಕ್ತ ಹರಿಯುವ ಬಗೆಯನ್ನು ನೋಡುವ ಡಾಪ್ಲರ್ ಪರೀಕ್ಷೆ, ತೂಕದ ಅಂದಾಜು. ಒಂದರ ನೀರು 2 ಸೆಂಟಿಮೀಟರಿಗಿಂತ ಕಡಿಮೆಯಾಗಿ ಇನ್ನೊಂದರದು 8 ಸೆಂಟಿಮೀಟರನ್ನು ದಾಟಿದರೆ ಟಿಟಿಟಿಎಸ್ ಎಂದು ಹೇಳುತ್ತಾರೆ. 1999ರಲ್ಲಿ ಕ್ವಿಂಟೆರೊ ಎಂಬ ವೈದ್ಯರು ಹಾಕಿಕೊಟ್ಟ ಐದು ಹಂತಗಳು ಇಂದಿಗೂ ಬಳಕೆಯಲ್ಲಿವೆ: ನೀರಿನ ಅಸಮತೋಲ, ಮೂತ್ರಕೋಶ ಕಾಣದಿರುವುದು, ಡಾಪ್ಲರ್ ಕೆಡುವುದು, ಮೈಯಲ್ಲಿ ನೀರು ತುಂಬುವುದು, ಕೂಸಿನ ಸಾವು.

ಹದಿನೆಂಟನೆಯ ವಾರದಲ್ಲಿ ನಮಗೆ ಈ ಸೇವೆಯ ನಿಜವಾದ ಪರೀಕ್ಷೆ ಎದುರಾಯಿತು. ನೀರಿನ ಅಳತೆ ಒಂದಕ್ಕೆ 7.1, ಇನ್ನೊಂದಕ್ಕೆ 2.6 ಸೆಂಟಿಮೀಟರ್. ಎರಡೂ ಅಪಾಯದ ಗೆರೆಯನ್ನು ದಾಟಿರಲಿಲ್ಲ. ಎರಡೂ ಅದರ ಕಡೆಗೇ ವಾಲಿದ್ದವು. ಡಾಕ್ಟರು ಇದು ರೋಗವಲ್ಲ ಎಂದು ಸ್ಪಷ್ಟವಾಗಿ ಹೇಳಿದರು, ಆದರೂ ಹದಿನೈದು ದಿನ ಕಾಯಿಸದೆ ಏಳನೆಯ ದಿನಕ್ಕೆ ಬರಹೇಳಿದರು. ಅಷ್ಟರೊಳಗೆ ಹೊಟ್ಟೆ ಒಮ್ಮೆಲೇ ಬಿಗಿದು ದೊಡ್ಡದಾದರೆ, ಉಸಿರು ಕಟ್ಟಿದಂತಾದರೆ, ದಿನ ನೋಡದೆ ಹೊರಟು ಬನ್ನಿ ಎಂದರು. ಬೇಕಾದೀತು ಎಂದು ಲೇಸರ್ ಚಿಕಿತ್ಸೆಯ ವಿಷಯವನ್ನೂ ಅಂದೇ ತಿಳಿಸಿದರು: ಸಣ್ಣ ದುರ್ಬೀನಿನಂಥ ಫೀಟೋಸ್ಕೋಪನ್ನು ಹೊಟ್ಟೆಯ ಮೂಲಕ ಒಳಗಿಳಿಸಿ, ಮಾಸಿನ ಮೇಲೆ ಇಬ್ಬರನ್ನು ಕೂಡಿಸಿರುವ ನಾಳಗಳನ್ನು ಒಂದೊಂದಾಗಿ ಸುಟ್ಟು ಮುಚ್ಚುತ್ತಾರೆ, ಬೆಂಗಳೂರಿನಲ್ಲೂ ಚೆನ್ನೈಯಲ್ಲೂ ಇದನ್ನು ಮಾಡುವವರಿದ್ದಾರೆ. ಯುರೋಪಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಯೂರೋಫೀಟಸ್ ಅಧ್ಯಯನದಲ್ಲಿ, ಹೆಚ್ಚಾದ ನೀರನ್ನು ಸೂಜಿಯಿಂದ ಮತ್ತೆ ಮತ್ತೆ ತೆಗೆದವರಲ್ಲಿ ನೂರಕ್ಕೆ 56 ಗರ್ಭಗಳಲ್ಲಿ ಒಂದಾದರೂ ಮಗು ಹುಟ್ಟಿ 28 ದಿನ ಉಳಿದರೆ, ಲೇಸರ್ ಪಡೆದವರಲ್ಲಿ 76 ಗರ್ಭಗಳಲ್ಲಿ ಉಳಿದಿತ್ತು. ಎರಡೂ ಉಳಿಯುತ್ತವೆ ಎಂಬ ಭರವಸೆ ಲೇಸರಿಗೂ ಇಲ್ಲ.

ಆ ಏಳು ದಿನ ನಾನು ಮಗಳ ಮನೆಯಲ್ಲೇ ಇದ್ದೆ. ಬೆಳಿಗ್ಗೆ ಎದ್ದೊಡನೆ ಅವಳ ಹೊಟ್ಟೆಯ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ತೆಗೆಯುತ್ತಿದ್ದೆ. ಅದರಿಂದ ಪ್ರಯೋಜನವೇನೂ ಇಲ್ಲ ಎಂದು ಗೊತ್ತಿದ್ದೂ ತೆಗೆಯುತ್ತಿದ್ದೆ. ಹತ್ತೊಂಬತ್ತನೆಯ ವಾರದಲ್ಲಿ ಅಳತೆ 6.2 ಮತ್ತು 3.1ಕ್ಕೆ ಬಂದಿತ್ತು, ಎರಡೂ ಮೂತ್ರಕೋಶ ತುಂಬಿ ಕಾಣುತ್ತಿದ್ದವು. ಮುಂದಿನ ಸ್ಕ್ಯಾನ್‌ಗಳಲ್ಲಿ ಆ ವ್ಯತ್ಯಾಸ ಮರಳಿ ಬರಲಿಲ್ಲ. ಹಾಗಾದರೆ ಆ ಹೆಚ್ಚುವರಿ ಸ್ಕ್ಯಾನ್ ದಂಡವಾಯಿತಲ್ಲ ಎಂದು ನೆಂಟರೊಬ್ಬರು ಲೆಕ್ಕ ಹಾಕಿದರು. ಏನೂ ಸಿಗದ ಸ್ಕ್ಯಾನ್‌ಗೆ ದುಡ್ಡು ಕೊಡುವುದು ನಮ್ಮವರಿಗೆ ಕಷ್ಟ. ಹೆರಿಗೆ ವಾರ್ಡಿನಲ್ಲಿ ರಾತ್ರಿಯಿಡೀ ಕಾದು ಏನೂ ಆಗದೆ ಬೆಳಗಾದರೆ ನಾವು ಅದನ್ನು ಒಳ್ಳೆಯ ಪಾಳಿ ಎಂದು ಕರೆಯುತ್ತಿದ್ದೆವು.

ಇಪ್ಪತ್ತನೆಯ ವಾರದಲ್ಲಿ ಅಂಗಾಂಗಗಳನ್ನು ನೋಡುವ ಅನಾಮಲಿ ಸ್ಕ್ಯಾನ್ ಜೊತೆಗೆ ಇಬ್ಬರ ಹೃದಯದ ಸವಿಸ್ತಾರ ತಪಾಸಣೆಯೂ ನಡೆಯಿತು, ಏಕೆಂದರೆ ಒಂದೇ ಮಾಸಿನ ಅವಳಿಗಳಲ್ಲಿ ಹೃದಯದ ದೋಷ ಉಳಿದವರಿಗಿಂತ ಹೆಚ್ಚು. ಅಂದಿನಿಂದ ಪ್ರತಿ ಬಾರಿಯೂ ಮೆದುಳಿನ ಮಧ್ಯದ ರಕ್ತನಾಳದಲ್ಲಿ ರಕ್ತದ ವೇಗವನ್ನು ಅಳೆಯಲಾರಂಭಿಸಿದರು. ನೀರು ಸಮವಾಗಿದ್ದೂ ಬಹಳ ಸಣ್ಣ ನಾಳಗಳ ಮೂಲಕ ಹನಿಹನಿಯಾಗಿ ರಕ್ತ ಸೋರಿ, ಒಂದು ಕೂಸು ರಕ್ತಹೀನವಾಗಿ ಇನ್ನೊಂದರ ರಕ್ತ ಗಟ್ಟಿಯಾಗುವ ಟಿಎಪಿಎಸ್ ಎಂಬ ತೊಡಕು ಈ ಅಳತೆಯಲ್ಲಿ ಮಾತ್ರ ಹೊರಬೀಳುತ್ತದೆ. ರಕ್ತಹೀನ ಕೂಸಿನಲ್ಲಿ ವೇಗ ಹೆಚ್ಚುತ್ತದೆ, ಇನ್ನೊಂದರಲ್ಲಿ ತಗ್ಗುತ್ತದೆ. ನಾನು ವಾರ್ಡಿನಲ್ಲಿ ಕಂಡ ಆ ಕೆಂಪು ಮತ್ತು ಬಿಳಿಚಿದ ಜೋಡಿಗಳಲ್ಲಿ ಯಾವುದು ಯಾವ ತೊಡಕಿನದು ಎಂದು ಈಗ ಹೇಳಲಾರೆ. ಟಿಎಪಿಎಸ್ ಎಂಬ ಹೆಸರೇ 2007ರ ಸುಮಾರಿಗೆ ಬಂದದ್ದು.

ಇಪ್ಪತ್ತೆಂಟನೆಯ ವಾರದಲ್ಲಿ ತೂಕದ ಅಂದಾಜು 1,120 ಮತ್ತು 940 ಗ್ರಾಂ ಬಂತು, ಅಂದರೆ ಶೇಕಡಾ 16ರ ವ್ಯತ್ಯಾಸ. ಮಾಸಿನ ಪಾಲು ಸಮವಾಗಿ ಸಿಗದೆ ಒಂದು ಕೂಸು ಬೆಳವಣಿಗೆಯಲ್ಲಿ ಹಿಂದೆ ಬೀಳುವುದೂ ನೂರರಲ್ಲಿ 10ರಿಂದ 15 ಮಂದಿಗೆ ಬರುವ ತೊಡಕು. ವ್ಯತ್ಯಾಸ ಶೇಕಡಾ 25ನ್ನು ಮುಟ್ಟಿ ಸಣ್ಣ ಕೂಸಿನ ತೂಕವೂ ತೀರ ಕೆಳಗಿದ್ದರೆ ಅದನ್ನು ಈ ತೊಡಕು ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಸಣ್ಣ ಕೂಸಿನ ಹೊಕ್ಕುಳಬಳ್ಳಿ ಮಾಸಿನ ನಡುವಿಗೆ ಸೇರದೆ ಅಂಚಿಗೆ ಸೇರಿಕೊಂಡಿದೆ ಎಂದು ಹದಿನಾರನೆಯ ವಾರದ ರಿಪೋರ್ಟಿನಲ್ಲೇ ಬರೆದಿದ್ದರು, ಹೀಗಾಗಿ ಈ ವ್ಯತ್ಯಾಸ ಅವರಿಗೆ ಆಶ್ಚರ್ಯ ತರಲಿಲ್ಲ. ಬೇರೆ ಬೇರೆ ದಿನಗಳ ಅಳತೆಗಳನ್ನು ಒಂದೇ ನಕ್ಷೆಯಲ್ಲಿ ಎರಡು ಗೆರೆಗಳಾಗಿ ಬರೆದು ತೋರಿಸಿದ್ದು ನನಗೆ ಬಹಳ ಹಿಡಿಸಿತು. ಗೆರೆಗಳ ನಡುವಿನ ಅಂತರ ಅಗಲವಾಗುತ್ತಿಲ್ಲ ಎಂಬುದನ್ನು ಓದು ಬಾರದವರೂ ನೋಡಿ ತಿಳಿಯಬಹುದಿತ್ತು.

ಈಗ ದೂರುಗಳು. ಕಾಯಿಸುವುದು ಈ ಕ್ಲಿನಿಕ್‌ನ ಶಾಶ್ವತ ರೋಗ. ಹನ್ನೆರಡು ಭೇಟಿಗಳಲ್ಲಿ ಹೇಳಿದ ಸಮಯಕ್ಕೆ ಒಳಗೆ ಕರೆದದ್ದು ಎರಡೇ ಬಾರಿ, ಕುರ್ಚಿಗಳೋ ಅವಳಿ ಹೊತ್ತ ಹೊಟ್ಟೆಗೆ ಹೇಳಿ ಮಾಡಿಸಿದವಲ್ಲ. ರಿಪೋರ್ಟ್ ಪೂರ್ತಿ ಇಂಗ್ಲಿಷಿನಲ್ಲಿ, ಅದರಲ್ಲೂ ಅರ್ಧ ಸಂಕ್ಷಿಪ್ತಾಕ್ಷರಗಳಲ್ಲಿ ಇರುತ್ತದೆ. ಡಾಕ್ಟರು ಕನ್ನಡದಲ್ಲಿ ಅಷ್ಟು ಚೆನ್ನಾಗಿ ವಿವರಿಸಿದ್ದು ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು ಎಂಬ ನಾಲ್ಕು ಸಾಲನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಿಸಿ ಫೈಲಿಗೆ ಅಂಟಿಸುವುದು ಕಷ್ಟದ ಕೆಲಸವೇ? ಭಾನುವಾರ ಫೋನ್ ಎತ್ತುವವರಿಲ್ಲ. ಅಂದು ಏನಾದರೂ ಆದರೆ ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಕೇಳಿದ ಮೇಲೆಯೇ ಹೇಳಿದರು.

ಇವೆಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು ಇಪ್ಪತ್ತೆರಡನೆಯ ವಾರದ ಘಟನೆ. ಖಾಯಂ ಡಾಕ್ಟರು ರಜೆಯಲ್ಲಿದ್ದು ಬೇರೊಬ್ಬರು ಸ್ಕ್ಯಾನ್ ಮಾಡಿದರು, ಮತ್ತು ಅವಳಿ ಎ, ಅವಳಿ ಬಿ ಎಂಬ ಗುರುತುಗಳನ್ನು ಅದಲುಬದಲು ಮಾಡಿಬಿಟ್ಟರು. ರಿಪೋರ್ಟ್ ಓದಿದರೆ ಸಣ್ಣ ಕೂಸು ಎರಡು ವಾರದಲ್ಲಿ ಜಿಗಿದು ದೊಡ್ಡದಾಗಿದೆ, ದೊಡ್ಡದು ಬೆಳೆಯುವುದನ್ನೇ ನಿಲ್ಲಿಸಿದೆ. ಒಂದು ನಿಮಿಷ ನನ್ನ ಕೈಕಾಲು ತಣ್ಣಗಾದವು. ಹಿಂದಿನ ರಿಪೋರ್ಟುಗಳಲ್ಲಿ ಎ ಎಂಬುದು ಎಡಗಡೆ ಕೆಳಗಿರುವ, ಅಂಚಿಗೆ ಬಳ್ಳಿಯಿರುವ ಕೂಸು ಎಂದು ವಿವರವಾಗಿ ಬರೆದಿದ್ದರಿಂದ ನಾನೇ ಹಿಡಿದು ತೋರಿಸಲು ಸಾಧ್ಯವಾಯಿತು, ಅವರು ಕ್ಷಮೆ ಕೇಳಿ ತಿದ್ದಿ ಕೊಟ್ಟರು. ನರ್ಸ್ ಅಲ್ಲದ ತಾಯಿ ಅದನ್ನು ಹೇಗೆ ಹಿಡಿಯಬೇಕಿತ್ತು ಎಂಬ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಖರ್ಚಿನ ಲೆಕ್ಕ ಮುಚ್ಚಿಡುವುದಿಲ್ಲ. ಹದಿಮೂರನೆಯ ವಾರದ ಸ್ಕ್ಯಾನ್‌ಗೆ 4,500 ರೂಪಾಯಿ, ಅನಾಮಲಿ ಮತ್ತು ಹೃದಯದ ತಪಾಸಣೆಗೆ 5,500, ಉಳಿದ ಹತ್ತಕ್ಕೆ ತಲಾ 2,800. ಒಟ್ಟು 38,000 ರೂಪಾಯಿ, ಪ್ರಯಾಣದ ಖರ್ಚು ಬೇರೆ. ನನ್ನ ಪಿಂಚಣಿ ಮತ್ತು ಅಳಿಯನ ಸಂಬಳ ಸೇರಿ ಇದನ್ನು ಹೊತ್ತವು. ನಮ್ಮ ತಾಲ್ಲೂಕಿನ ಕೂಲಿ ಹೆಣ್ಣುಮಗಳಿಗೆ ಇದು ಆಗದ ಮಾತು. ಅವಳಿಗೆ ಹತ್ತಿರದ ಕೇಂದ್ರವೇ ಹದಿನಾಲ್ಕು ವಾರದೊಳಗೆ ಮಾಸಿನ ಸಂಖ್ಯೆಯನ್ನು ಬರೆದು ಕೊಟ್ಟರೆ, ಎರಡು ಮಾಸಿನವಳು ದೂರದ ಊರಿಗೆ ಅಲೆಯುವ ಅಗತ್ಯವೇ ಬೀಳುವುದಿಲ್ಲ; ಒಂದೇ ಮಾಸಿನವಳನ್ನಾದರೂ ಸಾಲ ಮಾಡಿ ಕಳಿಸಬೇಕೆಂದು ಮನೆಯವರಿಗೆ ತಿಳಿಯುತ್ತದೆ. ಅದಕ್ಕೆ ಬೇಕಾದ ಯಂತ್ರ ಈಗಾಗಲೇ ಅಲ್ಲಿದೆ, ತೆಗೆದುಕೊಳ್ಳುವ ಹೊತ್ತು ಐದು ನಿಮಿಷ. ಸ್ಕ್ಯಾನ್ ಮಾಡಿಸಲು ಹೋಗುವವರು ಮೇಜಿನಿಂದ ಇಳಿಯುವ ಮೊದಲೇ ಡಾಕ್ಟರನ್ನು ಇದನ್ನು ಕೇಳಿ, ರಿಪೋರ್ಟಿನಲ್ಲಿ ಬರೆಸಿಕೊಂಡು ಬರಬೇಕು. ಕೌಂಟರಿನಲ್ಲಿ ಕೇಳಿದರೆ ನನಗೆ ಸಿಕ್ಕ ಉತ್ತರವೇ ಸಿಗುತ್ತದೆ.

ಸಣ್ಣ ಸಂಗತಿಯೊಂದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಏಳನೆಯ ತಿಂಗಳ ನಂತರ ಅಂಗಾತ ಮಲಗಿದರೆ ಮಗಳಿಗೆ ತಲೆ ಸುತ್ತಿ ಬೆವರು ಬರುತ್ತಿತ್ತು. ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತುವುದರಿಂದ ಆಗುವುದು. ಅಲ್ಲಿನ ಆಯಾ ಯಾರೂ ಹೇಳದೆಯೇ ಸೊಂಟದ ಕೆಳಗೆ ದಿಂಬು ಕೊಟ್ಟು ಎಡಕ್ಕೆ ವಾಲಿಸುತ್ತಿದ್ದಳು, ಜೆಲ್ ಹಚ್ಚುವ ಮೊದಲು ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟಿರುತ್ತಿದ್ದಳು. ಇಷ್ಟು ವರ್ಷ ಸರ್ವೀಸಿನಲ್ಲಿ ನಾನು ಜೆಲ್ ಬಿಸಿ ಮಾಡಿದ್ದು ನೆನಪಿಲ್ಲ.

ಮೂವತ್ತಾರು ವಾರ ತುಂಬಿದ ದಿನ, ಕೆಳಗಿನ ಕೂಸು ಕಾಲು ಮುಂದಾಗಿ ಕುಳಿತಿದ್ದರಿಂದ ಸಿಸೇರಿಯನ್ ಆಯಿತು. ತೊಡಕಿಲ್ಲದ ಒಂದೇ ಮಾಸಿನ ಅವಳಿಗಳನ್ನೂ ಸಾಮಾನ್ಯವಾಗಿ ಅದಕ್ಕಿಂತ ಬಹಳ ದಿನ ಒಳಗೆ ಬಿಡುವುದಿಲ್ಲ. ಇಬ್ಬರೂ ಹೆಣ್ಣು, 2,310 ಮತ್ತು 2,020 ಗ್ರಾಂ. ಫೈಲಿನಲ್ಲಿ ಎ ಎಂದಿದ್ದ ಸಣ್ಣವಳು ಎರಡನೆಯದಾಗಿ ಹೊರಬಂದಳು. ಸಿಸೇರಿಯನ್‌ನಲ್ಲಿ ಕೈಗೆ ಮೊದಲು ಸಿಕ್ಕವರು ಮೊದಲು ಹುಟ್ಟುತ್ತಾರೆ, ಹೀಗೆ ಅದಲುಬದಲಾಗುವುದು ಉಂಟು ಎಂದು ಕ್ಲಿನಿಕ್‌ನವರು ಮೊದಲೇ ಎಚ್ಚರಿಸಿ ಕೊನೆಯ ರಿಪೋರ್ಟಿನಲ್ಲೂ ಬರೆದಿದ್ದರು. ಮಕ್ಕಳ ವೈದ್ಯರು ಆ ಸಾಲನ್ನು ಓದಿಯೇ ಸಣ್ಣವಳ ಹಳೆಯ ಅಳತೆಗಳನ್ನು ಸರಿಯಾದ ಕೂಸಿಗೆ ಹೊಂದಿಸಿಕೊಂಡರು.

ಥಿಯೇಟರಿನ ಸಿಸ್ಟರ್ ಒಬ್ಬರನ್ನು ಕೇಳಿಕೊಂಡು, ಮಾಸನ್ನು ಟ್ರೇಯಲ್ಲಿ ಹೊರಗೆ ತರಿಸಿ, ಗ್ಲೌಸ್ ಹಾಕಿ ನಾನೇ ನೋಡಿದೆ. ನಡುವಿನ ಪೊರೆಯನ್ನು ಬೆರಳಿನಿಂದ ಬಿಡಿಸಿದಾಗ ಈರುಳ್ಳಿ ಸಿಪ್ಪೆಯಂಥ ಎರಡು ತೆಳುವಾದ ಪದರಗಳು ಬಂದವು, ನಡುವೆ ಮಾಂಸಲ ಭಾಗವಿರಲಿಲ್ಲ. ಮಾಸು ಒಂದೇ. ದೊಡ್ಡವಳ ಬಳ್ಳಿಯಿಂದ ಹೊರಟ ಒಂದು ದಪ್ಪ ನಾಳ ನೇರವಾಗಿ ಸಣ್ಣವಳ ಕಡೆಗೆ ಹೋಗಿ ಅಲ್ಲಿನ ನಾಳದೊಳಗೆ ಸೇರಿಕೊಂಡಿತ್ತು, ಮತ್ತು ಸಣ್ಣವಳ ಬಳ್ಳಿ ಹದಿನಾರನೆಯ ವಾರದಲ್ಲಿ ಬರೆದಿದ್ದಂತೆ ಅಂಚಿನಲ್ಲೇ ಇತ್ತು.